ಕುಡಿದು ಓಡಿಸುವವನ ಶಿಕ್ಷೆ: ಹೆಚ್ಚೋ, ಕಡಿಮೆಯೋ?

ಒಂದು ಘಟನೆಯಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗನ ತಂದೆ ರಾತ್ರಿ ಅಂಗಡಿ ಮುಚ್ಚಿ, ಹೆದ್ದಾರಿಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ಮರಳುತ್ತಿದ್ದರು. ಹಿಂದಿನಿಂದ ಬಂದ ಕಾರು ಬಡಿದು ಅಲ್ಲಿಯೇ ಕೊನೆಯುಸಿರೆಳೆದರು. ಕಾರು ಓಡಿಸುತ್ತಿದ್ದವನು ಎಲ್ಲಿಯವನೋ ಅಲ್ಲ, ಪಕ್ಕದ ಊರಿನವನೇ. ಊರ ಕೆಲಸಕ್ಕೆಲ್ಲ ಮುಂದೆ ಬರುವ, ಯಾರ ಮೇಲೂ ಕೈ ಎತ್ತದ ಮನುಷ್ಯ. ಅಂದು ಒಂದು ಮದುವೆಯ ಔತಣ ಮುಗಿಸಿ, ಕುಡಿದು ಮರಳುತ್ತಿದ್ದ.

ಎರಡು ತಿಂಗಳ ಬಳಿಕ ಅವನು ನನ್ನನ್ನು ಹುಡುಕಿಕೊಂಡು ಬಂದ. “ಮಾಸ್ಟ್ರೇ, ಆ ಹುಡುಗನ ಮನೆಯವರ ಹತ್ತಿರ ನೀವೊಂದು ಮಾತು ಹೇಳಬೇಕು. ಹತ್ತು ವರ್ಷದಿಂದ ನಾನು ಹೀಗೆಯೇ ಓಡಿಸಿಕೊಂಡು ಬಂದವ. ಒಂದು ದಿನವೂ ಏನೂ ಆಗಿರಲಿಲ್ಲ. ಅಂದು ನನ್ನ ಗ್ರಹಚಾರ ಸರಿ ಇರಲಿಲ್ಲ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ನಟನೆಯಾಗಿರಲಿಲ್ಲ. ಆ ಮಾತನ್ನು ಅವನು ತನ್ನ ಪರವಾದ ಸಾಕ್ಷಿಯೆಂದು ಹೇಳಿದ್ದ. ನನ್ನ ಕಿವಿಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಹತ್ತು ವರ್ಷ ಏನೂ ಆಗಿರಲಿಲ್ಲ ಎಂದರೆ ಹತ್ತು ವರ್ಷ ಅವನು ತಪ್ಪು ಮಾಡಿರಲಿಲ್ಲ ಎಂದು ಅರ್ಥವೇ?

ಓದುಗರೇ, ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ. ಕುಡಿದು ವಾಹನ ಓಡಿಸುವವರ ಕಾನೂನು ತೀರಾ ಕಠಿಣವೇ, ತೀರಾ ಸಡಿಲವೇ ಎಂಬ ವಾದಕ್ಕೆ ಉತ್ತರ ಹುಡುಕುವವರು ಮೊದಲು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವಾಗ ವಾಹನ ಓಡಿಸುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದವನಿಗೆ 6 ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ದಂಡ ಮೊದಲು 2,000 ರೂಪಾಯಿಯವರೆಗೆ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅದು 10,000 ರೂಪಾಯಿಯಾಯಿತು. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆ, 15,000 ರೂಪಾಯಿ ದಂಡ. ಇನ್ನು ಜೀವಹಾನಿಯಾದರೆ ದಂಡ ಸಂಹಿತೆಯ ಮಾತು. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಅಜಾಗರೂಕತೆಯ ಸಾವಿಗೆ ಹೆಚ್ಚೆಂದರೆ 2 ವರ್ಷ ಸೆರೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷದವರೆಗೆ ಏರಿದೆ. ಸಾವು ಸಂಭವಿಸಬಹುದೆಂದು ತಿಳಿದೂ ಮಾಡಿದನೆಂದು ಸಾಬೀತಾದರೆ 10 ವರ್ಷದವರೆಗೂ ಶಿಕ್ಷೆಯಾಗಬಹುದು.

ಇದು ತೀರಾ ಹೆಚ್ಚಾಯಿತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಒಬ್ಬ ಆಟೋ ಚಾಲಕನಿಗೆ 10,000 ರೂಪಾಯಿ ಎಂದರೆ ಮನೆಯ ಅಕ್ಕಿ, ಮಕ್ಕಳ ಶಾಲೆಯ ಖರ್ಚು. ದೊಡ್ಡ ಕಾರಿನವನಿಗೆ ಅದು ಒಂದು ರಾತ್ರಿಯ ಊಟದ ಬಿಲ್ಲು. ಇಬ್ಬರಿಗೂ ಒಂದೇ ದಂಡ ವಿಧಿಸಿದರೆ ಒಬ್ಬನ ಬೆನ್ನು ಮುರಿಯುತ್ತದೆ, ಇನ್ನೊಬ್ಬನಿಗೆ ಸೊಳ್ಳೆ ಕಚ್ಚಿದಷ್ಟೂ ಆಗುವುದಿಲ್ಲ.

ತೀರಾ ಕಡಿಮೆ ಎನ್ನುವವರ ಮಾತಿಗೂ ಆಧಾರವಿದೆ. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬಯಿಯ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಕಾಲುದಾರಿಯ ಮೇಲೆ ಹತ್ತಿತು. ಅಲ್ಲಿ ಮಲಗಿದ್ದ 7 ಮಂದಿ ಬಡ ಕೂಲಿಕಾರರು ಸತ್ತರು, 8 ಮಂದಿ ಗಾಯಗೊಂಡರು. ಕೆಳ ನ್ಯಾಯಾಲಯ ಚಾಲಕನಿಗೆ ಕೊಟ್ಟದ್ದು 6 ತಿಂಗಳ ಸೆರೆ ಮತ್ತು 5 ಲಕ್ಷ ರೂಪಾಯಿ ದಂಡ. ಉಚ್ಚ ನ್ಯಾಯಾಲಯ ಅದನ್ನು 3 ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತಾದರೂ, 7 ಜೀವಗಳಿಗೆ ಈ ಶಿಕ್ಷೆ ತೀರಾ ಅಲ್ಪವೆಂದೂ, ಸರಕಾರ ಮೇಲ್ಮನವಿ ಸಲ್ಲಿಸದ ಕಾರಣ ತಾನು ಹೆಚ್ಚಿಸುತ್ತಿಲ್ಲವೆಂದೂ ತೀರ್ಪಿನಲ್ಲಿ ಬರೆಯಿತು. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರರು ಕಾರು ಬಡಿದು ಸತ್ತರು. ಕುಡಿದು ಓಡಿಸಿದನೆಂಬ ಆರೋಪ ಹೊತ್ತ 17ರ ಹುಡುಗನಿಗೆ ಅಂದೇ ಜಾಮೀನು ದೊರೆಯಿತು. ಜಾಮೀನಿನ ಒಂದು ಷರತ್ತು, ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದು! ದೇಶವೇ ಸಿಟ್ಟಿಗೆದ್ದಿತು. ಮಕ್ಕಳಿಂದ ಪ್ರಬಂಧ ಬರೆಸುವ ಕೆಲಸದಲ್ಲಿರುವ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಪ್ಪು ಆಗುವುದು ಯಾವಾಗ?

ಈಗ ಇಬ್ಬರು ಮನುಷ್ಯರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಒಂದೇ ಅಳತೆಯಲ್ಲಿ ಕುಡಿದರು. ಇಬ್ಬರೂ ಒಂದೇ ಹೊತ್ತಿಗೆ ಎದ್ದು ತಮ್ಮ ತಮ್ಮ ವಾಹನಗಳ ಕೀಲಿ ತಿರುಗಿಸಿದರು. ಒಬ್ಬನ ದಾರಿಯಲ್ಲಿ ಯಾರೂ ಇರಲಿಲ್ಲ. ಅವನು ಮನೆಗೆ ಹೋಗಿ ಮಲಗಿದ. ಇನ್ನೊಬ್ಬನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಒಬ್ಬ ತಂದೆಯಿದ್ದ. ಮೊದಲನೆಯವನನ್ನು ಮರುದಿನ ಊರು ನಮಸ್ಕರಿಸಿ ಮಾತಾಡಿಸುತ್ತದೆ. ಎರಡನೆಯವನನ್ನು ಕೊಲೆಗಾರ ಎನ್ನುತ್ತದೆ. ಇಬ್ಬರ ಮನಸ್ಸಿನಲ್ಲಿ, ಇಬ್ಬರ ಕೈಯಲ್ಲಿ ಏನು ವ್ಯತ್ಯಾಸವಿತ್ತು?

ಕೆಟ್ಟ ಫಲಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸತ್ತವನ ಮನೆಯ ಋಣ ಸತ್ಯವಾದದ್ದು. ಕೈತಪ್ಪಿ ಆದ ಕೊಲೆಗೂ ಮೃತನ ಕುಟುಂಬಕ್ಕೆ ಪರಿಹಾರ ಸಲ್ಲಬೇಕು, ಕೊಂದವನು ಪ್ರಾಯಶ್ಚಿತ್ತ ಮಾಡಬೇಕು, ಪರಿಹಾರವನ್ನು ಬಿಟ್ಟುಕೊಡುವ ಹಕ್ಕು ಆ ಕುಟುಂಬದ್ದು ಎಂದು ಕುರ್‌ಆನ್‌ನ ಅನ್ನಿಸಾ ಅಧ್ಯಾಯ ವಿಧಿಸುತ್ತದೆ. ಹಾಗಿರುವಾಗ ತಾನಾಗಿಯೇ ಕುಡಿದು ಬುದ್ಧಿಯನ್ನು ಕಳೆದುಕೊಂಡವನು “ನನಗೆ ತಿಳಿಯಲಿಲ್ಲ” ಎಂದರೆ ಸಾಕೇ? ತಿಳಿಯದಂತೆ ಮಾಡಿಕೊಂಡವನೇ ಅವನಲ್ಲವೇ?

ಆದುದರಿಂದ ತಪ್ಪು ಪೂರ್ಣವಾಗುವುದು ರಕ್ತ ಹರಿದಾಗಲ್ಲ, ಕೀಲಿ ತಿರುಗಿದಾಗ. ನಮ್ಮ ಸಿಟ್ಟು ಏಳುವುದು ಮಾತ್ರ ರಕ್ತ ಹರಿದ ಮೇಲೆ. ಹೆಣ ಬಿದ್ದ ದಿನ ಗಲ್ಲಿಗೇರಿಸಿ ಎಂದು ಕೂಗುವ ನಾವು, ಹೆಣ ಬೀಳದ ಸಾವಿರ ರಾತ್ರಿಗಳಲ್ಲಿ ಅದೇ ತಪ್ಪನ್ನು ಕಂಡು ನಕ್ಕು ಸುಮ್ಮನಾಗುತ್ತೇವೆ. ಕಾನೂನು ಕೂಡ ನಮ್ಮಂತೆಯೇ. ಕೆಡುಕು ಆದ ಮೇಲೆ ಅದು ಗುಡುಗುತ್ತದೆ, ಆಗುವ ಮುಂಚೆ ನಿದ್ದೆ ಹೋಗುತ್ತದೆ.

ಎರಡು ದೇಶಗಳ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ. ಬ್ರಿಟನ್ 1967ರಲ್ಲಿ ರಕ್ತದ ಮದ್ಯಸಾರಕ್ಕೆ 80 ಮಿಲಿಗ್ರಾಂ ಮಿತಿ ಹಾಕಿ, ಉಸಿರು ಪರೀಕ್ಷೆಯನ್ನು ಜಾರಿಗೆ ತಂದಿತು. ಸಿಕ್ಕಿಬಿದ್ದೇವೆಂಬ ಭಯದಿಂದ ರಾತ್ರಿಯ ಅಪಘಾತಗಳು ಒಮ್ಮೆಲೇ ಇಳಿದವು. ಪೊಲೀಸರು ತಡೆದು ಪರೀಕ್ಷಿಸುವುದು ಅಪರೂಪವೆಂದು ಜನರಿಗೆ ಅರ್ಥವಾದಂತೆ ಕೆಲವೇ ವರ್ಷಗಳಲ್ಲಿ ಆ ಪರಿಣಾಮ ಕರಗಿಹೋಯಿತು. ಕಾನೂನಿನ ಪುಸ್ತಕದಲ್ಲಿ ಶಿಕ್ಷೆ ಹಾಗೆಯೇ ಇತ್ತು, ಭಯ ಮಾತ್ರ ಹೋಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರಿನಲ್ಲಿ ಬೇರೆ ದಾರಿ ಹಿಡಿಯಿತು. ಅನುಮಾನವಿರಲಿ ಇಲ್ಲದಿರಲಿ, ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ನಡೆಸಿತು. ಅಲ್ಲಿ ರಸ್ತೆ ಸಾವುಗಳು ಗಣನೀಯವಾಗಿ ಇಳಿದವು. ಮನುಷ್ಯನನ್ನು ತಡೆಯುವುದು ದೂರದಲ್ಲಿರುವ ದೊಡ್ಡ ಶಿಕ್ಷೆಗಿಂತ ತಪ್ಪದೆ ಬರುವ ಸಣ್ಣ ಶಿಕ್ಷೆ.

ನಮ್ಮಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಕುಡಿತದಿಂದಾದ ಸಾವೆಂದು ಸರಕಾರದ ಲೆಕ್ಕದಲ್ಲಿ ಬರೆದಿರುವುದು ಶೇಕಡಾ 3ಕ್ಕೂ ಕಡಿಮೆ. ಇದನ್ನು ಓದಿ ಸಮಾಧಾನಪಡಬೇಡಿ. ರಕ್ತದ ಮದ್ಯಸಾರ ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಇಳಿಯುತ್ತಾ ಹೋಗುತ್ತದೆ. ಓಡಿಹೋದವನು ಮರುದಿನ ಮಧ್ಯಾಹ್ನ ಠಾಣೆಗೆ ಬಂದರೆ ಯಂತ್ರಕ್ಕೆ ಏನು ಸಿಗುತ್ತದೆ? ಪುಣೆಯ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಾಯಿಸಿದರೆಂಬ ಆರೋಪದ ಮೇಲೆ ವೈದ್ಯರನ್ನು ಬಂಧಿಸಲಾಯಿತು. ಹಣವಿದ್ದವನಿಗೆ ಪರೀಕ್ಷೆಯಿಂದಲೇ ತಪ್ಪಿಸಿಕೊಳ್ಳುವ ದಾರಿಯಿರುವಾಗ, ಶಿಕ್ಷೆಯನ್ನು 10 ವರ್ಷದಿಂದ 20ಕ್ಕೆ ಏರಿಸಿದರೆ ಆ ದಾರಿಯ ಬೆಲೆ ಏರುತ್ತದೆ, ಅಷ್ಟೇ.

ಹತ್ತು ಮಂದಿಯ ಲೆಕ್ಕ

ಇಸ್ಲಾಮಿನಲ್ಲಿ ಮದ್ಯ ಒಮ್ಮೆಲೇ ನಿಷೇಧವಾಗಲಿಲ್ಲ. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡು ಹೆಚ್ಚೆಂದು ತಿಳಿಸಲಾಯಿತು. ಬಳಿಕ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬೇಡಿರೆಂದು ಆಜ್ಞೆ ಬಂತು. ಕೊನೆಗೆ ಸಂಪೂರ್ಣ ನಿಷೇಧ ಬಂದಾಗ ಮದೀನಾದ ಜನರು ತಮ್ಮ ಮದ್ಯವನ್ನು ತಾವೇ ಬೀದಿಗೆ ಸುರಿದರು. ಯಾವ ಪೊಲೀಸರೂ ಮನೆ ಮನೆ ಶೋಧಿಸಲಿಲ್ಲ. ಮನಸ್ಸು ಸಿದ್ಧವಾದ ಮೇಲೆ ಕಾನೂನಿಗೆ ಕೆಲಸ ಹಗುರವಾಯಿತು.

ಶಿಕ್ಷೆಯ ವಿಷಯದಲ್ಲಿಯೂ ನಮಗೆ ಪಾಠವಿದೆ. ಪ್ರವಾದಿ(ಸ)ಯವರ ಕಾಲದಲ್ಲಿ ಕುಡಿದವನಿಗೆ ಸುಮಾರು 40 ಏಟು ಇತ್ತು. ಜನರು ಅದನ್ನು ಹಗುರವಾಗಿ ಕಾಣತೊಡಗಿದಾಗ ಖಲೀಫಾ ಉಮರ್(ರ) ಸಂಗಾತಿಗಳೊಡನೆ ಸಮಾಲೋಚಿಸಿ 80ಕ್ಕೆ ಏರಿಸಿದರು. ಸಿಟ್ಟಿನ ಭರದಲ್ಲಿ ಏರಿಸಲಿಲ್ಲ, ಸಮಾಲೋಚಿಸಿ ಏರಿಸಿದರು ಎಂಬುದನ್ನು ಗಮನಿಸಿರಿ. ಶಿಕ್ಷೆ ಅನುಭವಿಸಿದ ಕುಡುಕನೊಬ್ಬನನ್ನು ಯಾರೋ ಶಪಿಸಿದಾಗ ಪ್ರವಾದಿ(ಸ)ಯವರು ತಡೆದು, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರಿ ಎಂಬರ್ಥದ ಮಾತು ಹೇಳಿದರು. ಶಿಕ್ಷೆಯೂ ಇರಲಿ, ಮರಳಿ ಬರುವ ಬಾಗಿಲೂ ತೆರೆದಿರಲಿ ಎಂಬುದು ಅದರ ತಿರುಳು.

ಇವೆಲ್ಲಕ್ಕಿಂತ ನನ್ನನ್ನು ತಟ್ಟುವುದು ಇನ್ನೊಂದು ಹದೀಸ್. ಮದ್ಯದ ವಿಷಯದಲ್ಲಿ ಪ್ರವಾದಿ(ಸ)ಯವರು ಕುಡಿದವನೊಬ್ಬನನ್ನೇ ಹೆಸರಿಸಲಿಲ್ಲ. ಹಿಂಡುವವನು, ಹಿಂಡಿಸಿಕೊಳ್ಳುವವನು, ಹೊರುವವನು, ಹೊರಿಸಿಕೊಳ್ಳುವವನು, ಮಾರುವವನು, ಕೊಳ್ಳುವವನು, ಬಡಿಸುವವನು, ಅದರ ಹಣ ತಿನ್ನುವವನು ಹೀಗೆ ಹತ್ತು ಮಂದಿಯನ್ನು ಎಣಿಸಿದರು. ನಮ್ಮ ಕಾನೂನು ಸ್ಟೀರಿಂಗ್ ಹಿಡಿದ ಒಬ್ಬನನ್ನು ನೋಡುತ್ತದೆ. ಅವನ ಹಿಂದಿರುವವರು ಅದರ ಕಣ್ಣಿಗೆ ಬೀಳುವುದು ಕಡಿಮೆ.

ಜಪಾನಿನಲ್ಲಿ 2006ರಲ್ಲಿ ಕುಡಿದ ಚಾಲಕನೊಬ್ಬನಿಂದ ಫುಕುವೋಕಾದ ಸೇತುವೆಯ ಮೇಲೆ ಒಂದೇ ಮನೆಯ ಮೂವರು ಪುಟ್ಟ ಮಕ್ಕಳು ಸತ್ತರು. ಮರುವರ್ಷ ಆ ದೇಶ ಕಾನೂನು ಬಿಗಿ ಮಾಡಿತು. ಓಡಿಸುವವನೆಂದು ತಿಳಿದೂ ಮದ್ಯ ಕೊಟ್ಟವನು, ವಾಹನ ಕೊಟ್ಟವನು, ಕುಡಿದಿದ್ದಾನೆಂದು ತಿಳಿದೂ ಅವನ ವಾಹನದಲ್ಲಿ ಕುಳಿತವನು ಎಲ್ಲರೂ ಶಿಕ್ಷೆಗೆ ಗುರಿ. ಜಪಾನೀಯರು ಹದೀಸ್ ಓದಿ ಹೀಗೆ ಮಾಡಿದವರಲ್ಲ. ಒಂದು ಸಾವಿನ ಹಿಂದೆ ಎಷ್ಟು ಕೈಗಳಿರುತ್ತವೆಂದು ದುಃಖವೇ ಅವರಿಗೆ ಕಲಿಸಿತು.

ನಮ್ಮಲ್ಲಿ ಏನಾಯಿತು? ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 2017ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಕೆಲವು ಸರಕಾರಗಳು ಅಂಗಡಿಗಳನ್ನು ಸರಿಸುವ ಬದಲು ಊರೊಳಗಿನ ಹೆದ್ದಾರಿಗಳ ಹೆಸರನ್ನೇ ಬದಲಿಸಹೊರಟವು. ಸಣ್ಣ ಊರುಗಳಿಗೆ ದೂರ 220 ಮೀಟರಿಗೆ ಇಳಿಯಿತು. ಅದೇ ವರ್ಷ ಜುಲೈಯಲ್ಲಿ, ನಗರಸಭೆಯ ವ್ಯಾಪ್ತಿಯೊಳಗಿನ ಅಂಗಡಿಗಳಿಗೆ ಆದೇಶ ಅನ್ವಯಿಸದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ನಮ್ಮ ರಾಜ್ಯದ ಬೊಕ್ಕಸಕ್ಕೂ ಅಬಕಾರಿ ಒಂದು ದೊಡ್ಡ ಆದಾಯ. ಸಂಜೆ ಮಾರುವುದೂ ಸರಕಾರ, ರಾತ್ರಿ ಊದಿಸಿ ದಂಡ ಹಾಕುವುದೂ ಸರಕಾರ. ಹತ್ತು ಮಂದಿಯ ಲೆಕ್ಕದಲ್ಲಿ ಇದನ್ನು ಎಲ್ಲಿ ಬರೆಯೋಣ?

ನಾನು ಕಂಡೂ ಸುಮ್ಮನಿದ್ದೆ

“ನಾವಂತೂ ಕುಡಿಯುವವರಲ್ಲ, ಇದು ನಮ್ಮ ಪ್ರಶ್ನೆಯಲ್ಲ” ಎಂದು ಈ ಪುಟದ ಓದುಗರಲ್ಲಿ ಅನೇಕರಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಮೊದಲಿಗೆ ಹೇಳದ ಒಂದು ಮಾತನ್ನು ಈಗ ಹೇಳಬೇಕಾಗಿದೆ. ಆ ಮದುವೆಯ ಔತಣಕ್ಕೆ ನನಗೂ ಆಮಂತ್ರಣವಿತ್ತು. ಊಟ ಮುಗಿಸಿ ಹೊರಗೆ ಬಂದಾಗ ಅವನು ಕಾರಿನ ಬಾಗಿಲಿಗೆ ಕೀಲಿ ಹಾಕಲು ಎರಡು ಮೂರು ಸಲ ತಡವರಿಸುತ್ತಿದ್ದುದನ್ನು ಕಂಡೆ. ಪಕ್ಕದಲ್ಲಿದ್ದವರು ನಕ್ಕರು. ನಾನು ನಗಲಿಲ್ಲ. ಕುಡಿದವನ ಬಳಿ ನನಗೇನು ಕೆಲಸವೆಂದು ಮುಖ ತಿರುಗಿಸಿ ನಡೆದೆ. ಅದನ್ನು ನಾನು ಧರ್ಮನಿಷ್ಠೆ ಎಂದುಕೊಂಡಿದ್ದೆ.

ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಳದಲ್ಲಿ ರಂಧ್ರ ಕೊರೆಯಹೊರಟಾಗ ಮೇಲಿನವರು ಅವರ ಕೈ ಹಿಡಿಯದಿದ್ದರೆ ಎಲ್ಲರೂ ಮುಳುಗುತ್ತಾರೆಂಬ ಪ್ರವಾದಿ(ಸ)ಯವರ ಉಪಮೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಕೈ ಹಿಡಿಯಬೇಕಾದ ರಾತ್ರಿ ನನ್ನ ಕೈ ಜೇಬಿನಲ್ಲಿತ್ತು. ರಾಜಿಗೆಂದು ಬಂದವನಿಗೆ ನಾನು ಹೇಳಿದ್ದು ಇಷ್ಟೇ: “ಕ್ಷಮಿಸುವುದು ಬಿಡುವುದು ಅವರ ಹಕ್ಕು. ಅದನ್ನು ಕೇಳಲು ನನಗೆ ಮುಖವಿಲ್ಲ.” ಅವನಿಗೆ ಏನು ಅರ್ಥವಾಯಿತೋ ತಿಳಿಯದು. ಅಂದು ಕಂಡದ್ದನ್ನು ಆ ಹುಡುಗನ ತಾಯಿಗೆ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ಹಾಗಾದರೆ ಶಿಕ್ಷೆ ಹೆಚ್ಚೋ, ಕಡಿಮೆಯೋ? ಕಾಗದದಲ್ಲಿರುವ ಶಿಕ್ಷೆ ಸಾಕಷ್ಟಿದೆ ಎಂಬುದು ನನ್ನ ಅಭಿಪ್ರಾಯ. ರಸ್ತೆಯಲ್ಲಿರುವುದು ತೀರಾ ಕಡಿಮೆ. ದಂಡ ಮನುಷ್ಯನ ಆದಾಯಕ್ಕೆ ತಕ್ಕಂತಿರಲಿ, ಪರೀಕ್ಷೆ ಪ್ರತಿ ರಾತ್ರಿಯೂ ತಪ್ಪದೆ ನಡೆಯಲಿ, ಸಿಕ್ಕಿಬಿದ್ದವನ ಲೈಸನ್ಸ್ ಕೂಡಲೇ ಅಮಾನತಾಗಲಿ, ತಿಳಿದೂ ಕುಡಿಸಿದವನೂ ಉತ್ತರ ಹೇಳಲಿ. ಇಷ್ಟಾದರೆ ಗಲ್ಲಿನ ಮಾತು ಬೇಕಾಗುವುದಿಲ್ಲ. ಆದರೆ ಪೊಲೀಸರು ಪ್ರತಿ ಮದುವೆಮನೆಯ ಅಂಗಳದಲ್ಲಿ ನಿಲ್ಲಲಾರರು. ಅಲ್ಲಿ ನಿಂತಿರುವವರು ನಾವು ನೀವೇ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮೊನ್ನೆ ಹೊಸದಾಗಿ ಲೈಸನ್ಸ್ ಪಡೆದು ನನಗೆ ತೋರಿಸಲು ಬಂದಿದ್ದ. ಅದನ್ನು ಕೈಯಲ್ಲಿ ಹಿಡಿದು ನೋಡಿ, ದುಆ ಮಾಡಿ ಕಳುಹಿಸಿದೆ. ಓದುಗರೇ, ಮುಂದಿನ ಸಲ ಯಾರಾದರೂ ತಡವರಿಸುವ ಕೈಯಲ್ಲಿ ಕೀಲಿ ಹಿಡಿದುದನ್ನು ಕಂಡರೆ ಅವನು ಯಾರವನು, ಯಾವ ಮತದವನು ಎಂದು ನೋಡಬೇಡಿರಿ. ಹತ್ತಿರ ಹೋಗಿ ಆ ಕೀಲಿಯನ್ನು ಕೇಳಿ ತೆಗೆದುಕೊಳ್ಳಿರಿ, ಆಟೋ ಕರೆದು ಮನೆಗೆ ಕಳುಹಿಸಿರಿ. ಅವನು ಬೈಯಬಹುದು. ಬೈಗುಳ ಕೇಳಿಸಿಕೊಂಡು ಮನೆಗೆ ಮರಳಿದವನಿಗೆ ಆ ರಾತ್ರಿ ನೆಮ್ಮದಿಯ ನಿದ್ದೆ ಬರುತ್ತದೆ. ಅಂಥ ನಿದ್ದೆಯ ಬೆಲೆ ನನಗೆ ಗೊತ್ತು.