‘ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ’



ಕೆಲವು ವಾರಗಳ ಹಿಂದೆ ಭಾನುವಾರದ ಎರಡನೆಯ ಬಲಿಪೂಜೆ ಮುಗಿಸಿ ದೇವಾಲಯದ ಮೆಟ್ಟಿಲ ಬಳಿ ನಿಂತಿದ್ದೆ. ನಮ್ಮ ಧರ್ಮಕೇಂದ್ರದ ಒಬ್ಬ ತಂದೆ ಬಂದು ಕೈಮುಗಿದರು. ಅವರ ಮಗ ಒಂಬತ್ತನೆಯ ತರಗತಿಯವನು. ಎರಡು ತಿಂಗಳಿಂದ ಪೂಜೆಗೂ ಇಲ್ಲ, ಧರ್ಮೋಪದೇಶ ತರಗತಿಗೂ ಇಲ್ಲ. ಎಲ್ಲಿ ಎಂದು ಕೇಳಿದೆ. “ಭಾನುವಾರ ಬೆಳಿಗ್ಗೆ ನೀಟ್ ಫೌಂಡೇಶನ್ ಕೋಚಿಂಗ್ ಇದೆ ಫಾದರ್” ಎಂದರು. ಸ್ವಲ್ಪ ತಡೆದು, “ಅದೂ ಅಲ್ಲದೆ, ಧರ್ಮದ ವಿಷಯದಲ್ಲಿ ಮಕ್ಕಳನ್ನು ಬಲವಂತ ಮಾಡಬಾರದು ಅನ್ನಿಸುತ್ತದೆ. ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ” ಎಂದು ಸೇರಿಸಿದರು.

ನಾನು ಹತ್ತು ಜನರ ಮುಂದೆ ಕಟುವಾಗಿ ಮಾತನಾಡಿಬಿಟ್ಟೆ. ಧರ್ಮಸಭೆಯ ಕಟ್ಟಳೆಯನ್ನು ನೆನಪಿಸಿದೆ. ಅವರು ತಲೆ ತಗ್ಗಿಸಿ ಹೋದರು. ರಾತ್ರಿ ಪ್ರಾರ್ಥನೆಗೆ ಕುಳಿತಾಗ ಮನಸ್ಸು ಚುಚ್ಚಿತು. ಅವರು ಆಡಿದ್ದು ಸೋಮಾರಿಯ ಮಾತಾಗಿರಲಿಲ್ಲ, ಅದರಲ್ಲಿ ಒಂದು ನಿಜವಾದ ಪ್ರಶ್ನೆಯಿತ್ತು. ವಿಶ್ವಾಸ ಎಂಬುದು ಸ್ವತಂತ್ರ ಮನಸ್ಸಿನಿಂದ ಬರಬೇಕಾದುದು ಎಂದಾದರೆ, ಏನೂ ಅರಿಯದ ಮಗುವಿಗೆ ಅದನ್ನು ಕೊಡುವುದು ಸರಿಯೇ? ಪ್ರಶ್ನೆಗೆ ಉತ್ತರ ಕೊಡದೆ ಗದರಿಸಿ ಕಳಿಸಿದ್ದು ನನ್ನ ತಪ್ಪು. ಆ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಹುಡುಕಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮಾತು ಯೋಚಿಸಿ ನೋಡಿ. ನಿಮ್ಮ ಮಗುವಿಗೆ ಕನ್ನಡ ಕಲಿಸುವ ಮುನ್ನ ಅದರ ಒಪ್ಪಿಗೆ ಕೇಳಿದಿರಾ? ದೊಡ್ಡದಾದ ಮೇಲೆ ತನಗೆ ಬೇಕಾದ ಭಾಷೆ ಆರಿಸಿಕೊಳ್ಳಲಿ ಎಂದು ಅದುವರೆಗೆ ಮನೆಯಲ್ಲಿ ಯಾರೂ ಮಾತಾಡದೆ ಇದ್ದರೆ, ಆ ಮಗು ಸ್ವತಂತ್ರವಾಗುವುದಿಲ್ಲ, ಮೂಕವಾಗುತ್ತದೆ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನೇ ಇನ್ನೊಂದನ್ನು ಕಲಿಯಬಲ್ಲ. ಹಾಗೆಯೇ ಪ್ರಾರ್ಥನೆಯ ರುಚಿಯನ್ನೇ ಅರಿಯದ ಮಗುವಿಗೆ ಹದಿನೆಂಟು ತುಂಬಿದ ದಿನ ‘ಈಗ ಆರಿಸಿಕೋ’ ಎಂದರೆ ಅದು ಏನನ್ನು ಆರಿಸಿಕೊಳ್ಳಬೇಕು? ಒಪ್ಪುವುದಕ್ಕೂ ತಿಳಿದಿರಬೇಕು, ನಿರಾಕರಿಸುವುದಕ್ಕೂ ತಿಳಿದಿರಬೇಕು.

ಎರಡನೆಯದಾಗಿ, ನಾವು ಸುಮ್ಮನಿದ್ದರೂ ಮಗುವಿನ ಮನಸ್ಸು ಖಾಲಿಯಾಗಿ ಕಾಯುತ್ತಾ ಕೂರುವುದಿಲ್ಲ. ಆ ಹುಡುಗ ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕುಳಿತು ಧರ್ಮಗಳ ಬಗ್ಗೆ ಆಲೋಚಿಸುತ್ತಿರಲಿಲ್ಲ, ಕೋಚಿಂಗ್‌ನಲ್ಲಿದ್ದ. ಕೋಚಿಂಗಿಗೆ ಅವನ ಒಪ್ಪಿಗೆ ಯಾರು ಕೇಳಿದರು? ಅಲ್ಲಿಯೂ ಒಂದು ಉಪದೇಶ ನಡೆಯುತ್ತದೆ: ನಿನ್ನ ಬೆಲೆ ನಿನ್ನ ರ‍್ಯಾಂಕು, ಪಕ್ಕದಲ್ಲಿ ಕುಳಿತವನು ನಿನ್ನ ಸ್ಪರ್ಧಿ. ಮೊಬೈಲ್ ಕೂಡ ಬೆಳಗಿನಿಂದ ರಾತ್ರಿಯವರೆಗೆ ಉಪದೇಶ ಮಾಡುತ್ತಲೇ ಇರುತ್ತದೆ, ರಜೆಯಿಲ್ಲದ ಉಪದೇಶಿ ಅದು. ಹಾಗಾಗಿ ಮಗುವಿಗೆ ಕಲಿಸಬೇಕೇ ಬೇಡವೇ ಎಂಬ ಆಯ್ಕೆ ನಮಗಿಲ್ಲ. ಯಾರು ಕಲಿಸಬೇಕು, ಏನನ್ನು ಕಲಿಸಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಮಕ್ಕಳ ವಿಶ್ವಾಸ ಕುಂದಿದಾಗ ಕೆಲವರು ನಮ್ಮ ಜಾತ್ಯತೀತ ಸಮಾಜವನ್ನು ದೂರುತ್ತಾರೆ. ಪಕ್ಕದ ಮನೆಯ ಗಣೇಶನ ಹಬ್ಬವನ್ನೋ, ಮಗನ ಅನ್ಯಧರ್ಮದ ಗೆಳೆಯರನ್ನೋ ಶಂಕೆಯಿಂದ ನೋಡುತ್ತಾರೆ. ಅದು ನ್ಯಾಯವಲ್ಲ. ನಮ್ಮ ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ಧರ್ಮದ ಸ್ವಾತಂತ್ರ್ಯ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28ನೆಯ ವಿಧಿ. ಅಪ್ರಾಪ್ತ ಮಗುವಾದರೆ ಪೋಷಕರ ಒಪ್ಪಿಗೆ ಬೇಕು ಎಂದೂ ಹೇಳುತ್ತದೆ. ಗಮನಿಸಿ, ಮಗುವಿನ ಧರ್ಮದ ವಿಷಯವನ್ನು ಸಂವಿಧಾನವೂ ತಂದೆತಾಯಿಯ ಕೈಗೇ ಒಪ್ಪಿಸಿದೆ. ನಮ್ಮ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದವರು ನೀತಿಪಾಠಕ್ಕೆ ಕೂರುವುದು ಇದೇ ಗೌರವದಿಂದ. ನೆರೆಮನೆಯವರ ಪೂಜೆಯ ಗಂಟೆ ನಮ್ಮ ಮನೆಯ ಜಪಸರವನ್ನು ನಿಲ್ಲಿಸಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲು ಅದನ್ನು ನಿಲ್ಲಿಸಿದ್ದು ಟಿ.ವಿ. ಧಾರಾವಾಹಿ, ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲ್.

ಹಾಗಾದರೆ ಆ ತಂದೆಯ ಮಾತು ಪೂರ್ತಿ ತಪ್ಪೇ? ಇಲ್ಲ. ಭಾಷೆಯ ಹೋಲಿಕೆ ಅರ್ಧ ದಾರಿಗೆ ಮಾತ್ರ ಬರುತ್ತದೆ. ಕನ್ನಡವನ್ನು ಯಾರೂ ‘ನಂಬುವುದಿಲ್ಲ’, ಮಾತಾಡುತ್ತಾರೆ. ವಿಶ್ವಾಸವಾದರೋ ದೇವರ ಕರೆಗೆ ಮನುಷ್ಯ ತನ್ನ ಬಾಯಿಂದಲೇ ಕೊಡಬೇಕಾದ ಉತ್ತರ. ಅದನ್ನು ಅವನ ಪರವಾಗಿ ಕೊನೆಯವರೆಗೂ ಬೇರೆಯವರು ಕೊಡಲಾಗದು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಸ್ಪಷ್ಟವಾಗಿ ಸಾರಿತು. ಅದೇ ಮಹಾಸಭೆ ಅದೇ ವರ್ಷ, ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಯೇ ಎಂದೂ ಹೇಳಿತು. ಈ ಎರಡು ಮಾತುಗಳು ಒಂದಕ್ಕೊಂದು ಹೇಗೆ ಹೊಂದುತ್ತವೆ?

ಗುರುಮಠದಲ್ಲಿ ಓದುವಾಗ ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರಲ್ಲಿ ಇದಕ್ಕೊಂದು ಉತ್ತರ ಕಂಡಿದ್ದೆ. ಅನ್ಯಧರ್ಮದವರ ಮಕ್ಕಳಿಗೆ ಅವರ ತಂದೆತಾಯಿಯ ಇಷ್ಟಕ್ಕೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಬಹುದೇ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಳ್ಳುತ್ತಾರೆ. ಕೂಡದು ಎನ್ನುತ್ತಾರೆ. ವಿವೇಕ ಮೂಡುವವರೆಗೆ ಮಗು ತಂದೆತಾಯಿಯ ಆರೈಕೆಯಲ್ಲಿ, ಒಂದು ಬಗೆಯ ಆತ್ಮಿಕ ಗರ್ಭದಲ್ಲಿರುವಂತೆ ಇರುತ್ತದೆ, ಅಲ್ಲಿಂದ ಅದನ್ನು ಕಿತ್ತುಕೊಳ್ಳುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ಅವರ ವಾದ. ವಿವೇಕ ಮೂಡಿದ ಮೇಲೆ ಮಗು ತನ್ನ ಹೊಣೆಯನ್ನು ತಾನೇ ಹೊರಲು ತೊಡಗುತ್ತದೆ ಎಂದೂ ಹೇಳುತ್ತಾರೆ.

ಈ ಗರ್ಭದ ಮಾತನ್ನು ತಾಯಂದಿರು ನನಗಿಂತ ಚೆನ್ನಾಗಿ ಬಲ್ಲಿರಿ. ಬಸಿರಿನಲ್ಲಿರುವ ಮಗುವಿಗೆ ತಾಯಿ ತಿಂದದ್ದೇ ಆಹಾರ. ಯಾವ ತಾಯಿಯೂ ‘ಮಗು ಹುಟ್ಟಿ ಬಂದು ಕೇಳಲಿ, ಆಮೇಲೆ ಊಟ ಮಾಡುತ್ತೇನೆ’ ಎನ್ನುವುದಿಲ್ಲ. ಆದರೆ ಹೆರಿಗೆ ಬೇಡವೆನ್ನುವ ತಾಯಿಯೂ ಇಲ್ಲ. ಒಳಗೆ ಪೋಷಿಸುವುದು ಹೊರಗೆ ಕಳುಹಿಸುವುದಕ್ಕಾಗಿಯೇ. ಮಗುವಿನ ವಿಶ್ವಾಸವೂ ಹೀಗೆಯೇ. ಪೋಷಿಸದಿರುವುದು ಒಂದು ಅನ್ಯಾಯ, ಹೊರಬರಲು ಬಿಡದಿರುವುದು ಇನ್ನೊಂದು ಅನ್ಯಾಯ.

ಮಗುವನ್ನು ಕಾಯಿಸಿಟ್ಟರೆ ಏನಾಗುತ್ತದೆ, ಬಿಗಿ ಹಿಡಿದರೆ ಏನಾಗುತ್ತದೆ ಎಂಬ ಎರಡೂ ಪಾಠಗಳು ಸಂತ ಅಗಸ್ಟೀನರ ಬಾಳಿನಲ್ಲಿವೆ. ಅವರು ಹುಟ್ಟಿದ್ದು 354ರಲ್ಲಿ, ಇಂದಿನ ಅಲ್ಜೀರಿಯಾದ ತಗಾಸ್ತೆ ಎಂಬ ಊರಿನಲ್ಲಿ. ತಾಯಿ ಮೋನಿಕಾ ಕ್ರೈಸ್ತಳು, ತಂದೆ ಆಗಿನ್ನೂ ಕ್ರೈಸ್ತನಲ್ಲ. ಬಾಲಕ ಕಾಯಿಲೆ ಬಿದ್ದಾಗ ತಾನಾಗಿ ಜ್ಞಾನಸ್ನಾನ ಬೇಡಿದ. ಕಾಯಿಲೆ ವಾಸಿಯಾಯಿತು, ಜ್ಞಾನಸ್ನಾನವನ್ನು ಮುಂದಕ್ಕೆ ಹಾಕಿದರು. ತನ್ನ ವಿಷಯದಲ್ಲಿ ಹೀಗೆ ಮುಂದೂಡಿದ್ದನ್ನು ಅಗಸ್ಟೀನರು ತಮ್ಮ ‘ನಿವೇದನೆಗಳು’ ಗ್ರಂಥದಲ್ಲಿ ನೋವಿನಿಂದಲೇ ಪ್ರಶ್ನಿಸುತ್ತಾರೆ. ಯುವಕನಾದ ಮೇಲೆ ಅವರು ಮಾನಿ ಪಂಥವನ್ನು ಸೇರಿದರು. ಆಗ ಮೋನಿಕಾ ಸಿಟ್ಟಿನಿಂದ ಮಗನನ್ನು ಕೆಲಕಾಲ ಮನೆಗೇ ಸೇರಿಸಲಿಲ್ಲ. ಆಮೇಲೆ ಒಂದು ಕನಸು ಕಂಡು ಬಾಗಿಲು ತೆರೆದಳು.

ಮಗನೊಡನೆ ವಾದ ಮಾಡಿ ತಿದ್ದಿರೆಂದು ಅವಳು ಒಬ್ಬ ಧರ್ಮಾಧ್ಯಕ್ಷರ ಬಳಿ ಹೋಗಿ ಅತ್ತಳು. ಅವರು ಒಪ್ಪಲಿಲ್ಲ. ಅವನಿಗೆ ಈಗ ಕೇಳುವ ಮನಸ್ಸಿಲ್ಲ, ಅವನನ್ನು ಅವನ ಪಾಡಿಗೆ ಬಿಡು, ನೀನು ಪ್ರಾರ್ಥಿಸು, ಓದುತ್ತಾ ಓದುತ್ತಾ ಅವನೇ ತಿಳಿದುಕೊಳ್ಳುತ್ತಾನೆ ಎಂದರು. ಅವಳು ಬಿಡದೆ ಕಾಡಿದಾಗ, ಇಷ್ಟು ಕಣ್ಣೀರು ಪಡೆದ ಮಗ ನಾಶವಾಗಲಾರ ಎಂದು ಸಮಾಧಾನ ಹೇಳಿ ಕಳಿಸಿದರು. ಮುಂದೆ 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನಲ್ಲಿ ಸಂತ ಅಂಬ್ರೋಸರ ಕೈಯಿಂದ ಅಗಸ್ಟೀನರು ಜ್ಞಾನಸ್ನಾನ ಪಡೆದರು. ಅವರಿಗಾಗ 32 ವರ್ಷ. ಅದೇ ವರ್ಷ ಮೋನಿಕಾ ತೀರಿಕೊಂಡಳು. ಕಾಯುವುದನ್ನು ಅವಳು ಎಷ್ಟು ವರ್ಷ ಕಲಿಯಬೇಕಾಯಿತು ನೋಡಿ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹನ್ನೆರಡು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಎದ್ದು, “ಫಾದರ್, ನನ್ನ ಪ್ರಾಣ ಸ್ನೇಹಿತ ಹಿಂದೂ. ಅವನು ಸ್ವರ್ಗಕ್ಕೆ ಹೋಗುವುದಿಲ್ಲವಾ?” ಎಂದು ಕೇಳಿದ. ಉಳಿದವರು ನಕ್ಕರು. ಪಾಠ ಮುಗಿಸುವ ಅವಸರದಲ್ಲಿ ನಾನು, “ಅಧಿಕಪ್ರಸಂಗ ಬೇಡ, ಕುಳಿತುಕೋ” ಎಂದೆ. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಲ್ಲರು ಎಂದು ಮಹಾಸಭೆ 1964ರಲ್ಲೇ ಬೋಧಿಸಿರುವುದು ನನಗೆ ಗೊತ್ತಿತ್ತು. ಅದನ್ನು ಹೇಳಲು ಐದು ನಿಮಿಷ ಸಾಕಿತ್ತು. ಅವನು ಅವತ್ತು ಕುಳಿತುಕೊಂಡ, ಮುಂದಿನ ವಾರದಿಂದ ಬರಲಿಲ್ಲ. ವರ್ಷದ ಕೊನೆಯಲ್ಲಿ ಅವನ ತಾಯಿ, “ಸ್ವಾಮಿ, ಹುಡುಗ ದೇವಸ್ಥಾನದ ಹೆಸರೆತ್ತಿದರೆ ಎದ್ದು ಹೋಗುತ್ತಾನೆ, ಏನಾಯಿತೋ ತಿಳಿಯದು” ಎಂದು ಅತ್ತರು. ಏನಾಯಿತೆಂದು ನನಗೆ ತಿಳಿದಿತ್ತು, ಹೇಳಲು ಧೈರ್ಯವಾಗಲಿಲ್ಲ.

ಕಳೆದ ವರ್ಷ ಅವನ ಅಜ್ಜಿಯ ಮಣ್ಣಿಗೆ ಹೋಗಿದ್ದೆ. ಬೆಂಗಳೂರಿನಿಂದ ಅವನೂ ಬಂದಿದ್ದ. ರಾತ್ರಿ ಜಪಸರ ಹೇಳುವಾಗ ಗೋಡೆಗೆ ಒರಗಿ ನಿಂತಿದ್ದವನ ತುಟಿ ‘ನಮೋ ಮರಿಯಾ’ಕ್ಕೆ ಅಲ್ಲಾಡುತ್ತಿತ್ತು. ಅದು ವಿಶ್ವಾಸವೋ ಅಜ್ಜಿಯ ನೆನಪೋ ನಾನು ಕೇಳಲಿಲ್ಲ. ಹೊರಗೆ ಕರೆದು, ಅಂದಿನ ಮಾತಿಗೆ ಕ್ಷಮೆ ಕೇಳಿದೆ. ಅಂದು ಕೊಡದ ಉತ್ತರವನ್ನು ಕೊಟ್ಟೆ. “ಅದೆಲ್ಲ ಮರೆತೇ ಹೋಗಿದೆ ಫಾದರ್” ಎಂದು ನಕ್ಕ. ಮರೆತಿರಲಿಲ್ಲ ಎಂದು ಅವನ ಕಣ್ಣು ಹೇಳುತ್ತಿತ್ತು. ಅವನು ಇನ್ನೂ ಪೂಜೆಗೆ ಬರುತ್ತಿಲ್ಲ. ಅವನ ಹೆಸರನ್ನು ನಾನು ದಿನವೂ ಪೀಠದ ಮುಂದೆ ನೆನೆಯುತ್ತೇನೆ.

ಆದುದರಿಂದ ನಿಮ್ಮಲ್ಲಿ ನನ್ನ ಮೊದಲ ವಿನಂತಿ ಇದು: ಮಗುವಿನ ಪ್ರಶ್ನೆಯನ್ನು ಹೊಸಕಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ಇಬ್ಬರೂ ಕೇಳೋಣ’ ಎನ್ನಿ. ಹನ್ನೆರಡರ ವಯಸ್ಸಿನ ಯೇಸುವನ್ನು ಮೂರು ದಿನ ಹುಡುಕಿ ಕಂಡಾಗ, ಮಗ ಹೇಳಿದ ಮಾತು ಮರಿಯಮ್ಮನವರಿಗೂ ಜೋಸೆಫರಿಗೂ ಅರ್ಥವಾಗಲಿಲ್ಲ (ಲೂಕ 2: 41–52). ತಾಯಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಪವಿತ್ರ ಕುಟುಂಬಕ್ಕೇ ಹೀಗಾದ ಮೇಲೆ ನಮ್ಮ ಮಕ್ಕಳು ನಮಗೆ ಅರ್ಥವಾಗದಿದ್ದರೆ ಅದು ಸೋಲಲ್ಲ.

ಎರಡನೆಯದು, ವಿಶ್ವಾಸವನ್ನು ಮನೆಯ ಬದುಕಿನಲ್ಲಿ ಕಾಣಿಸಿ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಹಬ್ಬ ಮಾಡುವುದನ್ನು ನೋಡಿ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ. ಅಲ್ಲಿ ಬಲವಂತವೆಲ್ಲಿದೆ? ನಿಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಒಂದು ಪರಲೋಕ ಮಂತ್ರ, ಮಲಗುವ ಮುನ್ನ ಹಣೆಯ ಮೇಲೊಂದು ಶಿಲುಬೆಯ ಗುರುತು ಸಾಕು, ಆದರೆ ತಪ್ಪದೆ ಇರಲಿ. ಬಾಗಿಲಿಗೆ ಸಾಲಗಾರ ಬಂದಾಗ ‘ಅಪ್ಪ ಮನೆಯಲ್ಲಿಲ್ಲ ಎನ್ನು’ ಎಂದು ಮಗುವಿನಿಂದ ಸುಳ್ಳು ಹೇಳಿಸಿದರೆ ನಾನು ವರ್ಷವಿಡೀ ಮಾಡಿದ ಧರ್ಮೋಪದೇಶ ನೀರಿನಲ್ಲಿ ಹೋಮವಾಗುತ್ತದೆ. ತಪ್ಪು ಮಾಡಿದಾಗ ತಂದೆ ಮಗನ ಕ್ಷಮೆ ಕೇಳಿದರೆ, ಕ್ಷಮೆಯ ದೇವರನ್ನು ಮಗು ಅಲ್ಲೇ ಕಾಣುತ್ತದೆ.

ಮೂರನೆಯದು, ಬೆಳೆದ ಮಗ ಅಥವಾ ಮಗಳು ‘ನನಗೆ ನಂಬಿಕೆ ಇಲ್ಲ’ ಎಂದರೆ ಅನ್ನದ ತಟ್ಟೆಯನ್ನು ಎಳೆಯಬೇಡಿ, ಮಾತು ಬಿಡಬೇಡಿ. ನೀವು ಪೂಜೆಗೆ ಹೋಗುವುದನ್ನು ಮಾತ್ರ ಬಿಡಬೇಡಿ. ಮನೆಗೆ ಮರಳುವ ದಾರಿ ಅವರಿಗೆ ತೆರೆದಿರಲಿ.

ಮುಂದಿನ ವಾರ ನಾನು ಆ ತಂದೆಯ ಮನೆಗೆ ಹೋದೆ, ಹತ್ತು ಜನರ ಮುಂದೆ ಆಡಿದ್ದಕ್ಕೆ ಕ್ಷಮೆ ಕೇಳಿದೆ. ಆಮೇಲೆ ಹೇಳಿದೆ: “ನಿಮ್ಮ ಮಗನಿಗೆ ಜ್ಞಾನಸ್ನಾನವಾದ ದಿನ ಅವನನ್ನು ಯಾರೂ ಕೇಳಲಿಲ್ಲ, ನಿಜ. ಆದರೆ ನಿಮ್ಮನ್ನು ಕೇಳಿದರು. ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ಅರಿತಿದ್ದೀರಾ ಎಂದು ಕೇಳಿದರು, ನೀವು ಹೌದೆಂದಿರಿ. ಪಾಸ್ಖ ದೀಪದಿಂದ ಹಚ್ಚಿದ ಮೇಣದಬತ್ತಿಯನ್ನು ಮಗುವಿನ ಕೈಗಲ್ಲ, ಮನೆಯ ಹಿರಿಯರಿಗೆ ಒಪ್ಪಿಸಿದರು. ನಾಳೆ ಅವನು ತೀರ್ಮಾನಿಸುತ್ತಾನೆ, ಅದು ಅವನ ಪಾಲಿನದು. ಅಲ್ಲಿಯವರೆಗೆ ಅದು ಆರದಂತೆ ನೋಡಿಕೊಳ್ಳುವುದು ನಿಮ್ಮ ಮಾತು.”

ಅವರು ತುಂಬ ಹೊತ್ತು ಸುಮ್ಮನಿದ್ದರು. ಕೋಚಿಂಗಿನವರು ಮಧ್ಯಾಹ್ನದ ಬ್ಯಾಚಿಗೆ ಬದಲಾಯಿಸುತ್ತಾರೋ ಕೇಳುತ್ತೇನೆ ಎಂದರು. ಅವರ ಹೆಂಡತಿ ಒಳಗಿನಿಂದ ಕಾಫಿ ತಂದರು. ಹುಡುಗ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಅವನನ್ನು ಕರೆದು, “ನಿನಗೆ ಏನಾದರೂ ಕೇಳಬೇಕಿದ್ದರೆ ಬಾರಪ್ಪಾ, ಏನು ಬೇಕಾದರೂ ಕೇಳು” ಎಂದೆ. ಅವನಿನ್ನೂ ಬಂದಿಲ್ಲ. ಬಂದರೆ ಈ ಸಲ ಕುಳಿತುಕೋ ಎನ್ನುವುದಿಲ್ಲ. ಮಾತು ಮುಗಿಯುವವರೆಗೆ ನಾನೇ ಕುಳಿತು ಕೇಳುತ್ತೇನೆ.

ನಿಮ್ಮ ಮಕ್ಕಳ ಜ್ಞಾನಸ್ನಾನದ ಮೇಣದಬತ್ತಿ ಮನೆಯಲ್ಲಿ ಎಲ್ಲಿದೆ? ಈ ರಾತ್ರಿ ಹುಡುಕಿ ತೆಗೆಯಿರಿ. ಮಕ್ಕಳ ಮುಂದೆ ಹಚ್ಚಿ, ಅದು ಏನೆಂದು ಹೇಳಿ. ದೇವರು ನಿಮ್ಮ ಮನೆಯನ್ನು ಆಶೀರ್ವದಿಸಲಿ.