ಬದಲಿ ಮರಿ

ಏಳೆಂಟು ತಿಂಗಳ ನಾಯಿಮರಿ ಕುಂಟಲು ಶುರುಮಾಡಿದರೆ ಮನೆಯವರು ಮೊದಲು ಹುಡುಕುವುದು ಮುಳ್ಳನ್ನು. ಪಾದ ಮಗುಚಿ ನೋಡುತ್ತಾರೆ, ಉಗುರು ಒಡೆದಿದೆಯೇ ಎಂದು ಒಂದೊಂದಾಗಿ ಮುಟ್ಟುತ್ತಾರೆ, ಬೆರಳ ಸಂದಿಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ಟಾರ್ಚ್ ಬಿಡುತ್ತಾರೆ. ಮುಳ್ಳು ಸಿಕ್ಕಿಬಿಟ್ಟರೆ ಎಷ್ಟು ಸಮಾಧಾನ! ಕಿತ್ತರೆ ಮುಗಿಯಿತು, ತಪ್ಪು ರಸ್ತೆಯದ್ದು, ಪುಣ್ಯ ನಮ್ಮದು. ಮಂಗಳೂರಿನ ಬಿಜೈಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ಲ್ಯಾಬ್ರಡಾರ್ ಮರಿಗೆ ಮುಳ್ಳು ಸಿಗಲಿಲ್ಲ.

ಮರಿ ಬೆಳಿಗ್ಗೆ ಏಳುವಾಗ ಮುಂಗಾಲಿನ ಬಲದಲ್ಲಿ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿತ್ತು, ಹಿಂಭಾಗ ತಡವಾಗಿ ಏಳುತ್ತಿತ್ತು. ಒಮ್ಮೆ ಎದ್ದಿತೆಂದರೆ ಕಾರಿಡಾರಿನ ಉದ್ದಕ್ಕೂ ಓಟ. ಆದರೆ ಓಡುವಾಗ ಹಿಂಗಾಲುಗಳೆರಡೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಮಕ್ಕಳಿಗೆ ಅದು ಚಂದ ಕಂಡಿತು. ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದರು. ಪಶುವೈದ್ಯರು ಆ ವಿಡಿಯೋ ನೋಡಿ ನಗಲಿಲ್ಲ. "ಒಮ್ಮೆ ಕರ್ಕೊಂಡು ಬನ್ನಿ" ಎಂದರು.

ಕುಂಟಿದ್ದೆಲ್ಲ ಸೊಂಟವಲ್ಲ ಎಂದು ಅವರು ಮೊದಲೇ ಹೇಳಿದರು. ಬೆಳೆಯುವ ದೊಡ್ಡ ತಳಿಗಳಲ್ಲಿ ಪ್ಯಾನಾಸ್ಟಿಯೈಟಿಸ್ ಎಂಬ ಎಲುಬಿನ ನೋವು ಬರುತ್ತದೆ. ಈ ವಾರ ಒಂದು ಕಾಲು, ಮುಂದಿನ ವಾರ ಇನ್ನೊಂದು, ಕೊನೆಗೆ ತಾನಾಗಿಯೇ ಹೋಗುತ್ತದೆ. ಉಣುಗಿನ ಜ್ವರದಲ್ಲೂ ಕೀಲು ನೋಯುತ್ತದೆ, ಮತ್ತು ನಮ್ಮ ಕರಾವಳಿಯ ಸೆಕೆ-ತೇವ ಉಣುಗಿಗೆ ಹೇಳಿ ಮಾಡಿಸಿದ್ದು. ರಕ್ತಪರೀಕ್ಷೆ ಆಯಿತು. ಆಮೇಲೆ ಮಂಪರು ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೀಳವಾಗಿ ಚಾಚಿ ಎಕ್ಸ್‌ರೇ. ತೊಡೆಮೂಳೆಯ ಗುಂಡುತಲೆ ಸೊಂಟದ ಗುಳಿಯೊಳಗೆ ಬಿಗಿಯಾಗಿ ಕೂತಿರಬೇಕು. ಇಲ್ಲಿ ಗುಳಿಗೆ ಆಳವಿರಲಿಲ್ಲ, ತಲೆ ಅರ್ಧ ಹೊರಗಿತ್ತು. ಹಿಪ್ ಡಿಸ್‌ಪ್ಲೇಸಿಯಾ.

ಅಮೆರಿಕದ ಪಶುವೈದ್ಯ ಗೆರಿ ಶ್ನೆಲ್ ನಾಯಿಗಳಲ್ಲಿ ಇದನ್ನು 1935ರಲ್ಲಿ ಮೊದಲು ದಾಖಲಿಸಿದಾಗ ಅದೊಂದು ಅಪರೂಪದ ಕಾಯಿಲೆ ಅನಿಸಿತ್ತು. ಇಂದು ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್ ಸಾಕುವವರಿಗೆ ಅದು ಪರಿಚಿತ ಹೆಸರು. ಹುಟ್ಟುವಾಗ ಮರಿಯ ಸೊಂಟ ಸರಿಯಾಗಿಯೇ ಇರುತ್ತದೆ. ಬೆಳೆಯುತ್ತ ಕೀಲು ಸಡಿಲವಾಗುತ್ತದೆ, ಉಜ್ಜಿ ಉಜ್ಜಿ ಸಂಧಿವಾತ ಹಿಡಿಯುತ್ತದೆ. ಕಾರಣ ಒಂದೇ ವಂಶವಾಹಿಯಲ್ಲ, ಹಲವು. ಅವುಗಳ ಮೇಲೆ ಊಟ, ತೂಕ, ಕಾಲಡಿಯ ನೆಲ ತಮ್ಮ ಪಾಲು ಸೇರಿಸುತ್ತವೆ. ಅಂದರೆ ಈ ನೋವಿನಲ್ಲಿ ಸ್ವಲ್ಪ ತಂದೆತಾಯಿಯದು, ಸ್ವಲ್ಪ ನಮ್ಮದು. ಮರಿಯದ್ದು ಮಾತ್ರ ಏನೂ ಇಲ್ಲ.

ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕ ತಾಳೆಯಾಗದೆ ಸೀಟು ಬಿಟ್ಟು ಏಳದ ಕಾಲದವರು. ಮರಿ ಕೊಟ್ಟವನಿಗೆ ಫೋನ್ ಮಾಡಿದರು. ಆತ ಜಗಳಕ್ಕೆ ಬರಲಿಲ್ಲ. "ಟೆನ್ಶನ್ ಮಾಡ್ಬೇಡಿ ಸರ್. ತಾಯಿ ಮುಂದಿನ ತಿಂಗಳು ಪುನಃ ಮರಿ ಹಾಕ್ಲಿಕ್ಕುಂಟು. ಇದನ್ನು ವಾಪಸ್ ತನ್ನಿ, ಬೇರೆ ಕೊಡುವ."

"ವಾಪಸ್ ಬಂದದ್ದನ್ನು ಎಂತ ಮಾಡ್ತೀರಿ?"

"ಅದು ನಮಗೆ ಬಿಡಿ."

ಇಷ್ಟೇ ಮಾತು. ಇದರಲ್ಲಿ ಕ್ರೌರ್ಯವಿಲ್ಲ, ಸೌಜನ್ಯವೇ ಇದೆ. ಸುಟ್ಟುಹೋದ ಮಿಕ್ಸಿಯನ್ನು ಮರುಮಾತಿಲ್ಲದೆ ಬದಲಿಸಿಕೊಡುವ ಅಂಗಡಿಯವನನ್ನು ನಾವು ಒಳ್ಳೆಯವನೆನ್ನುತ್ತೇವೆ. ನನ್ನನ್ನು ಕಾಡುವುದು ಆತನ ಮಾತಲ್ಲ, ಆ ಮಾತಿಗೆ ನಮ್ಮೊಳಗೆ ಸಿದ್ಧವಾಗಿರುವ ಜಾಗ. "ಒಂದು ಗಳಿಗೆ ಹೌದೇನೋ ಅನ್ನಿಸಿತು ಮಾರಾಯ್ರೆ" ಎಂದು ಆ ಹಿರಿಯರು ಮುಚ್ಚುಮರೆಯಿಲ್ಲದೆ ಹೇಳಿದರು. ಅನ್ನಿಸುವುದು ಸಹಜ. ಹಣ ಕೊಟ್ಟು ತಂದದ್ದರಲ್ಲಿ ದೋಷ ಕಂಡರೆ ಹಿಂತಿರುಗಿಸುವುದು ಗ್ರಾಹಕನ ಹಕ್ಕು. ತೊಡಕು ಏನೆಂದರೆ, ಇಲ್ಲಿ ಹಿಂತಿರುಗಿಸಬೇಕಾದ ವಸ್ತು ಮನೆಯ ಗೇಟಿನ ಸದ್ದಿಗೇ ನಿಮ್ಮನ್ನು ಗುರುತಿಸಿ ಬಾಲ ಆಡಿಸುತ್ತದೆ. ಮತ್ತು ಬದಲಿಗೆ ಬರುವ ಮರಿ ಅದೇ ತಾಯಿಯದು. ಕುಂಟು ಅಲ್ಲೂ ಕಾದು ಕೂತಿರಬಹುದು.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಮೊದಲಿನಲ್ಲೂ ಒಂದು ನಾಯಿ ಇದೆ. ಅದನ್ನು ನೆನೆಯುವವರು ಕಡಿಮೆ. ಆದಿಪರ್ವದಲ್ಲಿ ಜನಮೇಜಯ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರಯಾಗಕ್ಕೆ ಕೂತಿದ್ದಾನೆ. ದೇವಶುನಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಹೊಡೆಯುತ್ತಾರೆ. ಅದು ಅಳುತ್ತ ತಾಯಿಯ ಬಳಿ ಓಡುತ್ತದೆ: ನಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸರಮೆ ನೇರ ಯಾಗಶಾಲೆಗೆ ಬಂದು ಕೇಳುತ್ತಾಳೆ, ತಪ್ಪು ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಆಕೆ ಶಪಿಸುತ್ತಾಳೆ. ಅಷ್ಟು ದೊಡ್ಡ ಗ್ರಂಥ ತನ್ನ ಹೊಸ್ತಿಲಲ್ಲೇ ನಾಯಿಯೊಬ್ಬಳಿಗೆ ನ್ಯಾಯ ಕೇಳುವ ಅಧಿಕಾರ ಕೊಟ್ಟಿದೆ. ಶಾಪಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಆ ಮೌನ. ಬಿಜೈಯ ಮರಿಯ ತಾಯಿ ಬಂದು ಕೇಳಿದರೆ ನಮ್ಮ ಕಡೆಯಿಂದ ಮಾತಾಡುವವರು ಯಾರು? ಎಕ್ಸ್‌ರೇ ತೆಗೆಸದೆ ಜೋಡಿ ಕಟ್ಟಿದವನೇ, ತಲೆ ದೊಡ್ಡದಿರಬೇಕು ಬಣ್ಣ ತೆಳುವಿರಬೇಕು ಎಂದು ಆರಿಸಿದ ನಾವೇ?

ಕಾನೂನು ಇಲ್ಲವೆಂದಲ್ಲ. ನಾಯಿ ತಳಿಸಾಕಣೆ ಮತ್ತು ಮಾರಾಟದ ಕುರಿತು ಕೇಂದ್ರ ಸರ್ಕಾರ 2017ರಲ್ಲೇ ನಿಯಮ ತಂದಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ಮರಿ ಮಾಡಿಸಿ ಮಾರುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ತರುವಾಗ ನೋಂದಣಿ ಸಂಖ್ಯೆ ಕೇಳಿದವರನ್ನು ನಾನಂತೂ ಕಂಡಿಲ್ಲ. ಎಲ್ಲರೂ ಕೇಳುವುದು, ಸ್ವಲ್ಪ ಕಡಿಮೆ ಆಗ್ತದಾ ಎಂದು.

ಮೇಲಿನ ಮನೆಯವರು ಮರಿಯನ್ನು ಹಿಂತಿರುಗಿಸಲಿಲ್ಲ. ಕತೆ ಅಲ್ಲಿಗೆ ನಿಂತಿದ್ದರೆ ಅವರನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಇಟ್ಟುಕೊಳ್ಳುವ ನಿರ್ಧಾರಕ್ಕೆ ಒಂದು ಸಂಜೆ ಸಾಕು. ಇಟ್ಟುಕೊಂಡ ಮೇಲೆ ದಿನಾ ಮೂರು ಹೊತ್ತು ಬರುವ ಪರೀಕ್ಷೆ ಬೇರೆಯೇ, ಮತ್ತು ಅದು ಅಡುಗೆಮನೆಯಲ್ಲಿ ನಡೆಯುತ್ತದೆ.

ಮರಿ ಕುಂಟುತ್ತದೆಂದು ಗೊತ್ತಾದ ದಿನದಿಂದ ಆ ಮನೆಯಲ್ಲಿ ಅದರ ಊಟ ಹೆಚ್ಚಿತು. ಅಜ್ಜಿ ಬೆಳಿಗ್ಗೆ ದೋಸೆಯ ಕೊನೆಯ ತುಂಡು ಹಾಕುವರು, ಮಧ್ಯಾಹ್ನ ಮುಳ್ಳು ಬಿಡಿಸಿದ ಬೂತಾಯಿ, ಸಂಜೆ ಚಹಾದ ಹೊತ್ತಿಗೆ ಬಿಸ್ಕಿಟು. "ಪಾಪ, ನೋವಿರ್ತದೆ ಅದಕ್ಕೆ." ಲ್ಯಾಬ್ರಡಾರ್ ಬೇಡ ಎನ್ನುವ ಜಾತಿಯಲ್ಲ. ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದಂತೆ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಹಸಿವು ತಣಿದದ್ದನ್ನು ಮಿದುಳಿಗೆ ತಿಳಿಸುವ ವಂಶವಾಹಿಯ ಒಂದು ಚೂರೇ ಇಲ್ಲ. ಆ ಕಣ್ಣುಗಳು ಬೇಡುತ್ತಲೇ ಇರುತ್ತವೆ. ಕೊಡುತ್ತಲೇ ಇದ್ದರೆ ಕೊಟ್ಟದ್ದೆಲ್ಲ ಹೋಗಿ ಕೂರುವುದು ಆ ಸಡಿಲ ಕೀಲಿನ ಮೇಲೆ.

ಇದಕ್ಕೆ ಗಟ್ಟಿ ಸಾಕ್ಷ್ಯ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನಾಲ್ಕನೇ ಒಂದು ಪಾಲು ಕಡಿಮೆ ತಿನ್ನಿಸಿ, ಅವು ಸಾಯುವವರೆಗೂ ಗಮನಿಸಿದರು. ಕಡಿಮೆ ತಿಂದವುಗಳಲ್ಲಿ ಸೊಂಟದ ದೋಷ ಕಡಿಮೆ, ಇದ್ದಲ್ಲೂ ಸೌಮ್ಯ. ಸಂಧಿವಾತ ತಡವಾಗಿ ಬಂತು. 2002ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹೊಟ್ಟೆತುಂಬ ತಿಂದವುಗಳ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದವುಗಳದ್ದು 13. ಯಾವ ಔಷಧಿಯೂ ಇಲ್ಲದೆ, ತಟ್ಟೆಯಿಂದ ತೆಗೆದಿಟ್ಟದ್ದರಿಂದಲೇ ಸಿಕ್ಕ ಹೆಚ್ಚುಕಡಿಮೆ ಎರಡು ವರ್ಷ.

ಇದನ್ನು ಅಜ್ಜಿಗೆ ಹೇಳುವುದು ಹೇಗೆ? ಊರಿನ ಮನೆಯಲ್ಲಿ ಹೊಟ್ಟೆಗೆ ಹಾಕುವುದೇ ಪ್ರೀತಿ. ಬಂದವರಿಗೆ "ಇನ್ನು ಸ್ವಲ್ಪ" ಎನ್ನದೆ ಬಡಿಸಿದರೆ ಅದು ಬಡಿಸಿದ ಹಾಗೇ ಅಲ್ಲ. ಈ ಇಳಿವಯಸ್ಸಿನಲ್ಲಿ ಕೊಡುವ ಸುಖವೊಂದೇ ಅವರ ಕೈಯಲ್ಲಿ ಉಳಿದದ್ದು. ಅದನ್ನೂ ಕಸಿದುಕೊಂಡರೆ ಯಾರಿಗೆ ನ್ಯಾಯ? ನನಗನ್ನಿಸುವುದು, ಕನಿಕರದಲ್ಲಿ ಎರಡು ಬಗೆ ಇದೆ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಂದು, ಕಂಡ ನೋವಿನಿಂದ ನನಗಾದ ಸಂಕಟವನ್ನು ಕಳೆದುಕೊಳ್ಳುವುದು. ಬಿಸ್ಕಿಟು ಹಾಕಿದೊಡನೆ ಹಗುರಾಗುವುದು ನನ್ನ ಎದೆ, ನಾಯಿಯ ಸೊಂಟವಲ್ಲ. ಇನ್ನೊಂದು ಕನಿಕರ ನನ್ನ ಸಂಕಟವನ್ನು ನಾನೇ ಹೊತ್ತುಕೊಂಡು, ಎದುರಿನ ಜೀವಕ್ಕೆ ಬೇಕಾದ್ದನ್ನಷ್ಟೇ ಮಾಡುವುದು. ಅದರಲ್ಲಿ ಧನ್ಯತೆ ಇಲ್ಲ, ಬೇಡುವ ಕಣ್ಣುಗಳೆದುರು ಕಲ್ಲಿನಂತೆ ಕೂರಬೇಕು. ಮಕ್ಕಳನ್ನು ಬೆಳೆಸಿದವರಿಗೆ ಇದು ಹೊಸದಲ್ಲ. ಆದರೆ ಮಕ್ಕಳು ಒಂದು ದಿನ ಬೈದಾದರೂ ಅರ್ಥ ಮಾಡಿಕೊಳ್ಳುತ್ತಾರೆ. ನಾಯಿ ಅರ್ಥ ಮಾಡಿಕೊಳ್ಳುವ ದಿನ ಬರುವುದಿಲ್ಲ. ಅಜ್ಜಿ ಕೊನೆಗೆ ಒಪ್ಪಿದ್ದು ಅಂಕಿಅಂಶಕ್ಕಲ್ಲ, ಸೌತೆಕಾಯಿಗೆ. ಡಾಕ್ಟರು ಅದನ್ನು ಹಾಕಬಹುದೆಂದರು. ಕೊಡುವ ಕೈ ನಿಲ್ಲಲಿಲ್ಲ, ಕೊಬ್ಬು ನಿಂತಿತು.

ನೆಲದ ವಿಷಯ ಇಷ್ಟು ಕಷ್ಟವಾಗಲಿಲ್ಲ. ಲ್ಯಾಬ್ರಡಾರ್ ಮೂಲದಲ್ಲಿ ಮೀನುಗಾರರ ನಾಯಿ. ಅದರ ಹಿಂದಿನವು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಥಂಡಿ ನೀರಿಗೆ ಹಾರಿ ಬಲೆ ಎಳೆಯುತ್ತಿದ್ದವು. ಮೀನಿನ ಊರಿನಿಂದ ಮೀನಿನ ಊರಿಗೇ ಬಂದಿದೆ ಎನ್ನಬಹುದು, ಆದರೆ ಬಂದು ಬಿದ್ದದ್ದು ಮುಖ ಕಾಣುವಷ್ಟು ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ. ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ದೋಷದ ಅಪಾಯ ಹೆಚ್ಚು, ಮೆತ್ತಗಿನ ನೆಲದ ಬಯಲಲ್ಲಿ ಸ್ವತಂತ್ರವಾಗಿ ಆಡಿದವುಗಳಲ್ಲಿ ಕಡಿಮೆ ಎಂದು ಕಂಡುಕೊಂಡಿತು. ಹಳೆಯ ಹೆಂಚಿನ ಮನೆಗಳ ಮಣ್ಣಂಗಳ ಇದನ್ನು ಯಾರೂ ಹೇಳದೆಯೇ ಒದಗಿಸುತ್ತಿತ್ತು. ಈಗ ಆ ಫ್ಲ್ಯಾಟಿನ ತುಂಬ ತೆಂಗಿನ ನಾರಿನ ಮ್ಯಾಟುಗಳು. ಅಷ್ಟು ಖರ್ಚು ಮಾಡಿ ಹಾಕಿಸಿದ ಟೈಲ್ಸ್ ಕಾಣುವುದೇ ಇಲ್ಲ ಎಂದು ಮನೆಗೆ ಬಂದ ನೆಂಟರೊಬ್ಬರು ಮರುಗಿದರಂತೆ.

ಎಕ್ಸ್‌ರೇಯ ಚಿತ್ರಕ್ಕೆ ಒಂದು ಕೆಟ್ಟ ಗುಣವಿದೆ. ಒಮ್ಮೆ ನೋಡಿದರೆ ನಾಯಿ ಕಾಣುವುದಿಲ್ಲ, ಸೊಂಟವೇ ಕಾಣುತ್ತದೆ. ಚಿತ್ರದಲ್ಲಿ ಭೀಕರವಾಗಿ ಕಾಣುವ ಕೀಲಿನ ನಾಯಿ ಆರಾಮಾಗಿ ಓಡಾಡುವುದುಂಟು, ಅಷ್ಟೇನೂ ಕೆಡದ ಕೀಲಿನದು ನರಳುವುದುಂಟು. ಇದು ವೈದ್ಯರೇ ಹೇಳುವ ಮಾತು. ಮರಿಗೆ ತನ್ನ ಮುಂದಿನ ಹತ್ತು ವರ್ಷದ ಚಿಂತೆ ಇಲ್ಲ. ಪಣಂಬೂರಿನ ಮರಳಲ್ಲಿ ಚೆಂಡಿನ ಹಿಂದೆ ಓಡುವ ನಾಯಿಯ ಕನಸು ಕಂಡವರು ನಾವು. ಮುರಿದದ್ದು ಆ ಕನಸು. ಹಾಗೆಂದು "ಪ್ರಾಣಿಗೇನು ದುಃಖ, ಇರ್ತದೆ ಬಿಡಿ" ಎಂದು ಕೈಬಿಡುವುದೂ ತಪ್ಪು. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಕೂಗಲಿಲ್ಲ ಎಂದರೆ ನೋಯಲಿಲ್ಲ ಎಂದಲ್ಲ. ಏಳುವುದಕ್ಕೆ ತಡ ಮಾಡುತ್ತದೆ, ಮೆಟ್ಟಿಲ ಮುಂದೆ ನಿಂತುಬಿಡುತ್ತದೆ, ಸೊಂಟ ಮುಟ್ಟಿದರೆ ಕತ್ತು ತಿರುಗಿಸುತ್ತದೆ. ಇನ್ನೊಂದು ಆತುರವೂ ಇದೆ, ಮನೆಯಲ್ಲಿರುವ ನೋವಿನ ಮಾತ್ರೆ ಕೊಡುವುದು. ಮನುಷ್ಯರ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೇ ಕೆಡಿಸಬಹುದು. ನಾಯಿಗೆಂದೇ ಇರುವ ಔಷಧಿಗಳಿವೆ. ತೀರಾ ಆಗದಿದ್ದರೆ ತೊಡೆಮೂಳೆಯ ತಲೆಯನ್ನೇ ತೆಗೆಯುವ ಶಸ್ತ್ರಕ್ರಿಯೆ ಇದೆ, ಇಡೀ ಕೀಲು ಬದಲಿಸುವುದೂ ಇದೆ. ಈ ಮರಿಗೆ ಸದ್ಯ ತೂಕ, ಹಗ್ಗ ಹಿಡಿದು ಸಣ್ಣ ಸಣ್ಣ ನಡಿಗೆ ಮತ್ತು ಕಾಯುವಿಕೆ. ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದ ಬದಿಯಲ್ಲಿ ಮೂರು ಕಾಲಿನ ನಾಯಿಯೊಂದಿದೆ. ಅದು ಯಾರದೂ ಅಲ್ಲವಾದ್ದರಿಂದ ಅದರ ಎಕ್ಸ್‌ರೇ ಇಲ್ಲ, ಯಾರ ಕನಸೂ ಮುರಿದಿಲ್ಲ. ಅನ್ನ ಇಡುವವರು ಮಾತ್ರ ಇಬ್ಬರಿದ್ದಾರೆ.

ಕದ್ರಿ ಪಾರ್ಕಿನಲ್ಲಿ ಒಬ್ಬರು ನಮ್ಮ ಯಜಮಾನರನ್ನು ಕೇಳಿದರಂತೆ: "ಬಣ್ಣ ಒಳ್ಳೆದುಂಟು ನಿಮ್ಮದರದ್ದು. ನಮ್ಮ ಹೆಣ್ಣಿಗೆ ಒಮ್ಮೆ ಕೊಡ್ತೀರಾ? ಒಂದು ಮರಿ ನಿಮಗೆ." ಸೊಂಟದ ವಿಷಯ ತಿಳಿಸಿದರೂ ಬಿಡಲಿಲ್ಲ. "ಅದೆಲ್ಲ ಎಲ್ಲ ಮರಿಗೂ ಬರ್ಲಿಕ್ಕಿಲ್ಲ." ಮಾತು ಸುಳ್ಳಲ್ಲ, ಎಲ್ಲಕ್ಕೂ ಬರುವುದಿಲ್ಲ, ಕೆಲವಕ್ಕೆ ಬರುತ್ತದೆ. ಆ ಕೆಲವು ಯಾವುವೆಂದು ಗೊತ್ತಾಗುವಷ್ಟರಲ್ಲಿ ಅವು ಬೇರೆ ಯಾರದೋ ಮನೆಯ ನುಣುಪು ನೆಲದ ಮೇಲೆ ಇರುತ್ತವೆ. ಯಜಮಾನರು ಆಗುವುದಿಲ್ಲ ಎಂದರು. ಎಲುಬು ಬೆಳೆದು ಮುಗಿದ ಮೇಲೆ ಸಂತಾನಹರಣ ಮಾಡಿಸುವುದೆಂದು ಡಾಕ್ಟರ ಜೊತೆ ಮಾತಾಗಿದೆ; ದೊಡ್ಡ ತಳಿಗೆ ಬೇಗ ಮಾಡಿಸಿದರೆ ಕೀಲಿಗೇ ತೊಂದರೆಯಂತೆ.

ಈಗ ಕಾಂಪ್ಲೆಕ್ಸಿನಲ್ಲಿ ಯಾರು ಮರಿ ತರುವುದಿದ್ದರೂ ಇವರನ್ನು ಕೇಳುತ್ತಾರೆ. ತಾಯಿ, ತಂದೆ ಎರಡರದ್ದೂ ಸೊಂಟದ ಎಕ್ಸ್‌ರೇ ತೋರಿಸಲು ಹೇಳಿ ಎನ್ನುವುದು ಇವರ ಮೊದಲ ಮಾತು. ಅಮೆರಿಕದಲ್ಲಿ ಅದನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ 1966ರಿಂದಲೇ ಇದೆ. ಇಲ್ಲಿ ಕೇಳುವವರೇ ಇಲ್ಲದ ಮೇಲೆ ತೆಗೆಸುವವರು ಯಾಕಿರುತ್ತಾರೆ? "ಹಾಗೆಲ್ಲ ಕೇಳಿದ್ರೆ ಅವ ಮರಿ ಕೊಡ್ಲಿಕ್ಕಿಲ್ಲ ಸರ್" ಎಂದು ಮೊನ್ನೆ ಎರಡನೇ ಮಹಡಿಯ ಹುಡುಗ ಹೇಳಿದ. ಕೊಡದಿದ್ದರೆ ಒಳ್ಳೆಯದೇ ಆಯಿತು ಎಂದು ಇವರು ಅವನಿಗೆ ಶಕ್ತಿನಗರದ ಆ್ಯನಿಮಲ್ ಕೇರ್ ಟ್ರಸ್ಟಿಗೆ ಹೋಗುವ ದಾರಿ ಹೇಳಿದರು. ಅವನು ಇನ್ನೂ ಹೋಗಿಲ್ಲ. ಊರ ನಾಯಿ ಸಾಕಲು ಅವನ ತಾಯಿ ಒಪ್ಪುತ್ತಿಲ್ಲವಂತೆ.