ಕಾರ್ಯಕ್ರಮ ಪಟ್ಟಿಯ ಬಾಲ

ನವೆಂಬರ್ ಹತ್ತಿರವಾದಂತೆ ನಮ್ಮ ಸದಸ್ಯರ ಮನೆಗಳಲ್ಲಿ ರಾಜ್ಯೋತ್ಸವದ ತಾಲೀಮು ಶುರುವಾಗುತ್ತದೆ. ಅದೇ ಹೊತ್ತಿಗೆ ಸಮಿತಿಯವರೊಬ್ಬರು ಕುಳಿತು ನಿಮಿಷವಾರು ಪಟ್ಟಿ ತಯಾರಿಸುತ್ತಾರೆ. ದೀಪ ಬೆಳಗುವುದು ಇಷ್ಟು ಗಂಟೆಗೆ, ನಾಡಗೀತೆ ಇಷ್ಟಕ್ಕೆ, ಪುಟಾಣಿಗಳ ನೃತ್ಯ ಇಷ್ಟಕ್ಕೆ. ಇದೊಂದು ಗುಮಾಸ್ತಿಕೆಯ ಕೆಲಸ ಎಂದು ಹೆಚ್ಚಿನವರ ಭಾವನೆ. ನನಗೇನೋ ಹಾಗನ್ನಿಸುವುದಿಲ್ಲ. ಯಾರ ಹೊತ್ತನ್ನು ತೆಗೆದು ಯಾರಿಗೆ ಕೊಡಬಹುದು ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರ ಆ ಒಂದು ಹಾಳೆಯಲ್ಲಿರುತ್ತದೆ.

ಲೆಕ್ಕ ಹಾಕಿ ನೋಡಿ. ಹಾಲ್ ಸಂಜೆ 5ಕ್ಕೆ ನಮ್ಮ ಕೈಗೆ ಬರುತ್ತದೆ, ರಾತ್ರಿ 10.30ಕ್ಕೆ ಗುಡಿಸಿ ಬೀಗ ಒಪ್ಪಿಸಬೇಕು ಎಂದಿಟ್ಟುಕೊಳ್ಳೋಣ. ಇಂಥ ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಬರೆಯಬೇಕು. ಸಾಮಾನು ಕಟ್ಟಲು ಅರ್ಧ ಗಂಟೆ. ಮೊದಲಿಗೆ ಮೈಕು, ಲೈಟು, ಪರದೆ ನೋಡಿಕೊಳ್ಳಲು ಒಂದು ಗಂಟೆ. ಉಳಿಯುವುದು 6ರಿಂದ 10ರವರೆಗೆ, ಅಂದರೆ 240 ನಿಮಿಷ. 16 ಐಟಂಗಳಿಗೆ ತಲಾ 6ರಂತೆ 96. ಒಂದು ತಂಡ ಇಳಿದು ಇನ್ನೊಂದು ಹತ್ತಲು ತಲಾ 2ರಂತೆ 32 (ಇದನ್ನು ಬರೆಯಲು ಹೆಚ್ಚಿನವರು ಮರೆಯುತ್ತಾರೆ). ನಾಟಕಕ್ಕೆ 45, ಸಭಾ ಕಾರ್ಯಕ್ರಮಕ್ಕೆ 45. ಒಟ್ಟು 218. ಕೈಯಲ್ಲಿ 22 ನಿಮಿಷ ಉಳಿಯಿತು. ಮೂವರು ಭಾಷಣಕಾರರು ತಲಾ 8 ನಿಮಿಷ ಜಾಸ್ತಿ ಮಾತಾಡಿದರೆ 24 ಆಯಿತು, ಅಲ್ಲಿಗೆ ಗಂಟು ಖಾಲಿ. ಇದರ ಮೇಲೆ ಮುಖ್ಯ ಅತಿಥಿಗಳು 40 ನಿಮಿಷ ತಡವಾಗಿ ಬಂದರೆ ಪಟ್ಟಿಯ ಬಾಲ ಕತ್ತರಿಸದೆ ಗತ್ಯಂತರವಿಲ್ಲ.

ಆ ಬಾಲದಲ್ಲಿ ಯಾರಿರುತ್ತಾರೆ? ಸಮಿತಿಯವರ ಮಕ್ಕಳಂತೂ ಅಲ್ಲ. ಒಂದು ವರ್ಷ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿರುವ ನಮ್ಮ ಹುಡುಗರು ಕೋಲಾಟ ಕಲಿತು ಬಂದಿದ್ದರು. ಎರಡು ತಿಂಗಳು ಗುರುವಾರ ರಾತ್ರಿ, ಊಟವಾದ ಮೇಲೆ ಅಭ್ಯಾಸ. ಅವರಿಗೆ ಹೇಳಿದ್ದು 10 ನಿಮಿಷ, ಸಿಕ್ಕಿದ್ದು 4. ಕ್ಯಾಸೆಟ್ಟಿನ ಹಾಡು ಅರ್ಧದಲ್ಲಿ ನಿಂತಿತು. ಯಾರೂ ಜಗಳ ಮಾಡಲಿಲ್ಲ. ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದರು. ಜಗಳ ಮಾಡದವರನ್ನೇ ನಾವು ಕೊನೆಗೆ ಇಡುತ್ತೇವೆ ಎಂಬ ಅನುಮಾನ ನನಗಿದೆ.

ಇಲ್ಲಿನ 2004ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ವಾರ ಹೆಚ್ಚೆಂದರೆ 48 ಗಂಟೆ, ವಾರಕ್ಕೊಮ್ಮೆ ಎಡೆಬಿಡದೆ 24 ಗಂಟೆಯ ರಜೆ. ಪಾಳಿ ಕೆಲಸದವರನ್ನು ಬಿಟ್ಟರೆ ಅದು ಶುಕ್ರವಾರ. ಆಫೀಸಿನ ನಮಗೆ ಶನಿವಾರವೂ ಮಲಗಲು ಸಿಗುತ್ತದೆ. ಸೈಟಿನವರು ಶನಿವಾರ ನಸುಕಿನಲ್ಲೇ ಎದ್ದು ಬಸ್ಸು ಹತ್ತಬೇಕು. ಆ 24 ಗಂಟೆಯಲ್ಲಿ 5 ಗಂಟೆಯನ್ನು ಅವರು ಸಂಘಕ್ಕೆ ಕೊಡುತ್ತಾರೆ. 300 ಜನರನ್ನು 40 ನಿಮಿಷ ಕಾಯಿಸಿದರೆ 200 ಗಂಟೆ. ಈ ಸಾಲವನ್ನು ತೀರಿಸುವವರು ಯಾರು?

ಹಾಗಾದರೆ ಗಡಿಯಾರ ನೋಡಿ ಶುರು ಮಾಡಿ, ಅತ್ತಿತ್ತ ನೋಡಬೇಡಿ ಎನ್ನಬಹುದು. ನಾನೂ ಸಮಯಪಾಲನೆಯ ಪಕ್ಷದವನೇ. ಆದರೆ ಅದೂ ಅಷ್ಟು ಸುಲಭವಲ್ಲ. ಸರಿಯಾಗಿ 6ಕ್ಕೆ ಬರಬಲ್ಲವರು ಕಾರಿರುವವರು. ಮಧ್ಯಾಹ್ನದ ಪಾಳಿ ಮುಗಿಸಿ ಬರುವ ನರ್ಸ್, ಮೂರು ಮಂದಿ ಸೇರಿ ಟ್ಯಾಕ್ಸಿ ಹಿಡಿಯುವವರು ತಡವಾಗಿಯೇ ಬರುತ್ತಾರೆ. ನವೆಂಬರ್ ಆರಂಭದಲ್ಲಿ ದೋಹಾದಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗಿ, ಆರೂವರೆಯೊಳಗೆ ಇಶಾ ನಮಾಜಿನ ಹೊತ್ತಾಗುತ್ತದೆ. ನಮ್ಮ ಬ್ಯಾರಿ ಬಂಧುಗಳ ದಫ್ಫು ತಂಡವನ್ನು ಆರೂಕಾಲಿಗೆ ಹಾಕುವವರಿಗೆ ಕೆಟ್ಟ ಮನಸ್ಸೇನೂ ಇರಲಾರದು. ಆದರೆ ಕೇಳದೆ ಹಾಕಿರುತ್ತಾರೆ.

ಈ ವಿಷಯದಲ್ಲಿ ನಮ್ಮ ಕರಾವಳಿಯ ಯಕ್ಷಗಾನ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿತ್ತು. ಬಯಲಾಟದಲ್ಲಿ ಚೆಂಡೆಯ ಸದ್ದು ಊರಿಗೆಲ್ಲ ಕೇಳಿಸಿದ ಮೇಲೂ ಪ್ರಸಂಗ ತಕ್ಷಣ ಆರಂಭವಾಗುತ್ತಿರಲಿಲ್ಲ. ಮೊದಲು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಗದ್ದೆ ದಾಟಿ ಸೂಡಿ ಹಿಡಿದು ಬರುವವರು ಬಂದು ಸೇರುವವರೆಗೆ ಮೇಳದ ಕಲಿಯುವ ಹುಡುಗರು ಕುಣಿಯುತ್ತಿದ್ದರು. ಬಂದವರಿಗೆ ಕಾಯುವ ಬೇಸರವಿಲ್ಲ, ತಡವಾದವರಿಗೆ ಕಥೆ ತಪ್ಪಲಿಲ್ಲ, ಹುಡುಗರಿಗೆ ರಂಗಸ್ಥಳ ಸಿಕ್ಕಿತು. ಬೆಳಗಿನ ಮಂಗಳದವರೆಗೂ ಹೊತ್ತಿಗೆ ಬರವಿರಲಿಲ್ಲ ಅನ್ನಿ.

ಈಗ ಆ ಅನುಕೂಲ ಎಲ್ಲ ಕಡೆ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದವು. ಪ್ರೇಕ್ಷಕರಿಗೂ ಮಾರನೆಯ ದಿನ ಕೆಲಸವಿದೆ. ಧರ್ಮಸ್ಥಳ ಮೇಳ 2015ರಲ್ಲಿ ಕಾಲಮಿತಿಗೆ ಬಂತು. ಅದನ್ನು ನಾನು ದೂರುವುದಿಲ್ಲ. ನಿದ್ದೆಗೆಟ್ಟ ಕಲಾವಿದರ ಆರೋಗ್ಯವೂ ಮುಖ್ಯ. ಆದರೆ ಕಾಲಮಿತಿ ಆಟಗಳಲ್ಲಿ ಬಹಳ ಕಡೆ ಮೊದಲು ಮೊಟಕಾದದ್ದು ಪೂರ್ವರಂಗವೇ, ಅಂದರೆ ಕಲಿಯುವ ಹುಡುಗರ ಪಾಲು. ಹೊತ್ತು ಕಡಿಮೆಯಾದಾಗ ಕತ್ತರಿ ಯಾರ ಕಡೆ ತಿರುಗುತ್ತದೆ ಎನ್ನುವುದಕ್ಕೆ ದೋಹಾದಲ್ಲಾದರೇನು, ಊರಿನಲ್ಲಾದರೇನು!

ಅತಿಥಿಗಳು ಬಾರದೆ ಶುರು ಮಾಡಿದರೆ ಅವಮಾನವಲ್ಲವೇ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದುಂಟು. ಅವರ ಮಾತನ್ನು ತಳ್ಳಿಹಾಕಲಾರೆ; ಮನೆಗೆ ಕರೆದವರನ್ನು ಬಿಟ್ಟು ಊಟಕ್ಕೆ ಕೂರುವವರಲ್ಲ ನಾವು. ಆದರೆ ಕರೆದದ್ದು ಅವರೊಬ್ಬರನ್ನೇ ಅಲ್ಲವಲ್ಲ? ಕೋಲಾಟದವರನ್ನೂ ನಾವೇ ಕರೆದದ್ದು, 10 ನಿಮಿಷ ಎಂದು ಮಾತು ಕೊಟ್ಟು. ದೀಪ ಬೆಳಗುವುದನ್ನು ಅತಿಥಿಗಳು ಬಂದ ಮೇಲೆ ಇಟ್ಟುಕೊಳ್ಳೋಣ. ಅದುವರೆಗೆ ಪುಟಾಣಿಗಳು ಕುಣಿಯಲಿ. ಅತಿಥಿಗಳು ಬರುವಾಗ ವೇದಿಕೆಯ ಮೇಲೆ ಮಕ್ಕಳಿದ್ದರೆ ಅವರಿಗೂ ಸಂತೋಷವೇ ಆದೀತು.

ಇನ್ನೊಂದು ವಿಷಯ ಸಮಿತಿಯ ಮುಂದಿಡುತ್ತೇನೆ. ತಡವಾದರೆ ಏನನ್ನು ಬಿಡುವುದು ಎಂದು ಪರದೆಯ ಹಿಂದೆ, ಬೆವರು ಒರೆಸಿಕೊಳ್ಳುತ್ತಾ ತೀರ್ಮಾನಿಸುವುದು ಬೇಡ. ತಾಲೀಮು ಶುರುವಾಗುವ ಮೊದಲೇ ಬರೆದಿಡೋಣ. ಮೊದಲು ಹೋಗಬೇಕಾದದ್ದು ಪದಾಧಿಕಾರಿಗಳ ಭಾಷಣ, ಆಮೇಲೆ ವಂದನಾರ್ಪಣೆಯ ಉದ್ದದ ಹೆಸರುಗಳು (ಅವನ್ನು ಈ ಪತ್ರಿಕೆಯಲ್ಲೇ ಅಚ್ಚು ಹಾಕಬಹುದು), ಆಮೇಲೆ ಶಾಲು-ಹಾರ. ಯಾವ ತಂಡಕ್ಕೆ ಎಷ್ಟು ಹೊತ್ತಿಗೆ ಬರಲು, ಹೊರಡಲು ಸಾಧ್ಯ ಎಂದು ಮೊದಲು ಫೋನ್ ಮಾಡಿ ಕೇಳಿ, ಆಮೇಲೆ ಪಟ್ಟಿ ಬರೆಯೋಣ. ಕೋಲಾಟದ ಹುಡುಗರು ಈ ವರ್ಷವೂ ಹೆಸರು ಕೊಟ್ಟಿದ್ದಾರೆ. ಅವರ ಬಸ್ಸು ಒಂಬತ್ತೂವರೆಗೆ ಹೊರಡುತ್ತದೆ; ಅವರನ್ನು ಏಳೂವರೆಗೆ ಹಾಕಿ.